ಪರೀಕ್ಷಕನ ಪರೀಕ್ಷೆ

ಹೊಸ ವಸ್ತುವಿನ ಗುಣದೋಷಗಳನ್ನು ತೂಗುವವನು ಮೊದಲು ತನ್ನ ಮನಸ್ಸನ್ನು ತೂಗಿಕೊಳ್ಳಬೇಕಲ್ಲವೆ? 1975ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್‌ರವರು ಫಿಲ್ಮಿನ ಹಂಗಿಲ್ಲದ ಡಿಜಿಟಲ್ ಕ್ಯಾಮೆರಾವೊಂದನ್ನು ನಿರ್ಮಿಸಿದರು. ಕೈಯಲ್ಲಿ ಒಯ್ಯಬಹುದಾಗಿದ್ದರೂ ಅದರ ತೂಕ ಸುಮಾರು 3.6 ಕಿಲೋಗ್ರಾಂ. 10,000 ಬಿಂದುಗಳ ಕಪ್ಪುಬಿಳುಪಿನ ಚಿತ್ರವೊಂದು ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಟೆಲಿವಿಷನ್ ತೆರೆಯ ಮೇಲೆ ಭಾವಚಿತ್ರ ನೋಡಬಯಸುವವರಾರೆಂದು ಅಧಿಕಾರಿಗಳು ಕೇಳಿದರು.

ಕೊರತೆಗಳಿದ್ದುದು ಸುಳ್ಳಲ್ಲ. ಆದರೆ ಸಂಸ್ಥೆಯು ಬಾಳುತ್ತಿದ್ದುದು ಫಿಲ್ಮಿನ ಮಾರಾಟದಿಂದ. ತಕ್ಕಡಿ ಹಿಡಿದ ಕೈಗೇ ಒಂದು ತಟ್ಟೆಯ ಮೇಲೆ ಮಮತೆಯಿತ್ತು. 2012ರಲ್ಲಿ ಅದೇ ಸಂಸ್ಥೆಯು ದಿವಾಳಿಯಾಗಿ ನ್ಯಾಯಾಲಯದ ಆಶ್ರಯವನ್ನು ಬೇಡಿತು. ಅದಕ್ಕೆ ಕಾರಣಗಳು ಹಲವು. ಆದರೂ ಶಿಶುವು ತೊದಲುವುದೆಂದು ಅದನ್ನು ಮೂಕನೆನ್ನುವುದು ವಿವೇಕವಲ್ಲ. ಸ್ವಾರ್ಥವು ಸಾಕ್ಷಿಯಾದಲ್ಲಿ ಸತ್ಯಾಂಶವೂ ಅಪಾರ್ಥವನ್ನೇ ನುಡಿಯುವುದು.