ಬೇಡವೆನ್ನುವ ಪ್ರೋಟೀನು

ಬೆಳೆಯುವುದನ್ನು ಕೊಂಡಾಡುವುದು ನಮಗೆ ಸಲೀಸು. ಮಗು, ಪೈರು, ಊರು, ಸಂಬಳ, ಯಾವುದು ಬೆಳೆದರೂ ಸಂತೋಷ. ಸಾಕು, ಇನ್ನು ನಿಲ್ಲಿಸು ಎಂದವರ ಮೇಲೆ ಮಾತ್ರ ಒಳಗೊಳಗೇ ಮುನಿಸು. ನಮ್ಮ ಮೈಯೊಳಗಿನ ಜೀವಕೋಶಗಳ ಲೋಕವೋ, ಹಾಗೆ ಹೇಳುವವರಿಲ್ಲದೆ ಒಂದು ದಿನವೂ ನಡೆಯದು.

ಪಿ53 ಎಂಬ ಪ್ರೋಟೀನಿನ ಕಥೆ ನೋಡಿ. 1979ರಲ್ಲಿ ಹಲವು ಪ್ರಯೋಗಾಲಯಗಳು ಅದನ್ನು ಬೇರೆಬೇರೆಯಾಗಿ ಗುರುತಿಸಿದವು. ಗಡ್ಡೆಯ ಕೋಶಗಳಲ್ಲಿ ಅದು ರಾಶಿಯಾಗಿ ಕಾಣುತ್ತಿತ್ತು. ಆರೋಗ್ಯವಾದ ಕೋಶಗಳಲ್ಲಿ ಇದ್ದೂ ಇಲ್ಲದಂತೆ. ಕ್ಯಾನ್ಸರನ್ನು ಬೆಳೆಸುವುದು ಇದೇ ಎಂದು ವಿಜ್ಞಾನಿಗಳಿಗೆ ಅನಿಸಿತು. ಸುಮಾರು ಹತ್ತು ವರ್ಷ ಆ ಅಪವಾದ ಅದರ ಮೇಲಿತ್ತು. 1989ರಲ್ಲಿ ಬರ್ಟ್ ವೋಗಲ್‌ಸ್ಟೈನ್, ಆರ್ನಾಲ್ಡ್ ಲೆವಿನ್ ಅವರ ತಂಡಗಳ ಕೆಲಸದಿಂದ ಲೆಕ್ಕ ತಿರುಗಿತು. ಅಲ್ಲಿಯವರೆಗೆ ಪರೀಕ್ಷಿಸಿದ್ದು ಹೆಚ್ಚಾಗಿ ಕೆಟ್ಟುಹೋದ ಪಿ53 ಅನ್ನು. ಸರಿಯಿರುವ ಪಿ53 ಗಡ್ಡೆಯನ್ನು ಬೆಳೆಸುವುದಿಲ್ಲ, ತಡೆಯುತ್ತದೆ. ಬೆಂಕಿ ಬಿದ್ದ ಮನೆಯೆದುರು ಕೊಡ ಹಿಡಿದೇ ಕುಸಿದುಬಿದ್ದವನನ್ನು ಕಿಚ್ಚಿಟ್ಟವನೆಂದು ಹಿಡಿದಂತಾಗಿತ್ತು. ಆ ಹತ್ತು ವರ್ಷಗಳನ್ನು ನೆನೆದಾಗೆಲ್ಲ ಮನೆಗಳಲ್ಲಿ, ಸಂಸ್ಥೆಗಳಲ್ಲಿ ತಡೆಯಲು ಹೋಗಿ ದೂರು ಹೊತ್ತವರು ನನಗೆ ನೆನಪಾಗುತ್ತಾರೆ.

ಅದು ತಡೆಯುವ ಬಗೆಯೂ ಗಮನಿಸುವಂಥದ್ದು. ಕೋಶ ಪಿ53 ಅನ್ನು ಸದಾ ತಯಾರಿಸುತ್ತಲೇ ಇರುತ್ತದೆ. ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನು ಅದನ್ನು ಅಷ್ಟೇ ಬೇಗ ನಾಶಕ್ಕೆ ಒಪ್ಪಿಸುತ್ತಿರುತ್ತದೆ. ಡಿಎನ್‌ಎ ಎಳೆ ತುಂಡಾದಾಗ ಈ ನಾಶ ನಿಲ್ಲುತ್ತದೆ, ಪಿ53 ಶೇಖರವಾಗುತ್ತದೆ. ಆಗ ಅದು ಕೋಶದ ವಿಭಜನೆಯನ್ನು ನಿಲ್ಲಿಸಿ ದುರಸ್ತಿಗೆ ಸಮಯ ಕೊಡುತ್ತದೆ. ಏಟು ದುರಸ್ತಿಗೆ ಮೀರಿದ್ದಾದರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವಂತೆ ಮಾಡುತ್ತದೆ. ತನ್ನನ್ನು ನಾಶಕ್ಕೆ ಒಪ್ಪಿಸುವ ಎಂಡಿಎಂ2 ತಯಾರಾಗುವಂತೆ ಮಾಡುವುದೂ ಈ ಪಿ53 ಪ್ರೋಟೀನೇ! ತಡೆಯುವ ಅಧಿಕಾರ ಪಡೆದದ್ದು ತನಗೂ ಒಂದು ತಡೆಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅಧಿಕಾರದಲ್ಲಿರುವ ಮನುಷ್ಯರಲ್ಲಿ ಈ ಗುಣ ಎಷ್ಟು ಅಪರೂಪ.

ಆ ಕಡಿವಾಣ ಸಡಿಲವಾದರೆ ಏನಾದೀತು? 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಮಾರ್ಪಾಟಾದ ವಂಶವಾಹಿಯಿಂದ ಪಿ53ರ ಚಟುವಟಿಕೆ ಹೆಚ್ಚಿದ ಇಲಿಗಳನ್ನು ಗಮನಿಸಲಾಯಿತು. ಅವುಗಳಿಗೆ ಗಡ್ಡೆಗಳು ತೀರ ಕಡಿಮೆ. ಆದರೆ ಅವು ಬೇಗ ಮುಪ್ಪಾದವು. ಮೂಳೆ ಸವೆಯಿತು, ಗಾಯ ಮಾಯುವುದು ನಿಧಾನವಾಯಿತು, ಆಯುಷ್ಯವೂ ತಗ್ಗಿತು. ಹೊಸ ಕೋಶ ಹುಟ್ಟದೆ ಗಾಯ ಕೂಡುವುದಿಲ್ಲ. ಮಕ್ಕಳ ಪ್ರತಿ ಆಸೆಗೂ ಬೇಡವೆನ್ನುವ ಹಿರಿಯರಿಗೆ ಈ ಇಲಿಗಳ ವಿಷಯ ತಿಳಿದಿರಬೇಕೆಂದು ನನ್ನ ಆಸೆ.

ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53ರ ವಂಶವಾಹಿ ಕೆಟ್ಟಿರುತ್ತದೆ. ತಂಬಾಕಿನ ಹೊಗೆಯಲ್ಲಿರುವ ರಾಸಾಯನಿಕಗಳು ನೇರವಾಗಿ ಅದಕ್ಕೇ ಪೆಟ್ಟು ಕೊಡಬಲ್ಲವು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಒಂದು ಪ್ರೋಟೀನು ಪಿ53 ಅನ್ನು ನಾಶಮಾಡಿಸುತ್ತದೆ, ಇನ್ನೊಂದು ಆರ್‌ಬಿ ಎಂಬ ಮತ್ತೊಂದು ತಡೆಯ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಆ ವೈರಸ್ಸಿಗೆ ಲಸಿಕೆ ಇದೆ. ಹೆಣ್ಣುಮಕ್ಕಳಿಗೆ ಹಾಕಿಸಲು ಹಿಂದೆಮುಂದೆ ನೋಡಬಾರದು.

ಎಲ್ಲ ಕೇಡಿಗೂ ಹೀಗೆ ಕೈತೋರಿಸಲು ಒಬ್ಬರು ಸಿಗುವುದಿಲ್ಲ. ಎಳೆಮಕ್ಕಳ ಕಣ್ಣಿಗೆ ಬರುವ ರೆಟಿನೋಬ್ಲಾಸ್ಟೋಮಾ ಕ್ಯಾನ್ಸರನ್ನು ಅಭ್ಯಸಿಸಿದ ಆಲ್ಫ್ರೆಡ್ ನಡ್‌ಸನ್ 1971ರಲ್ಲಿ ಒಂದು ಸರಳ ವಿವರಣೆ ಕೊಟ್ಟರು: ರೋಗ ಶುರುವಾಗಲು ಎರಡು ಪೆಟ್ಟು ಬೇಕು. ಆರ್‌ಬಿ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ಕೆಲವು ಮಕ್ಕಳು ಒಂದು ಪೆಟ್ಟನ್ನು ಹೊತ್ತೇ ಹುಟ್ಟುತ್ತವೆ; ಬಹಳಷ್ಟು ಮಕ್ಕಳಲ್ಲಿ ಎರಡೂ ಪೆಟ್ಟು ಕಣ್ಣಿನ ಒಂದು ಕೋಶಕ್ಕೆ ಆಕಸ್ಮಿಕವಾಗಿ ಬೀಳುತ್ತವೆ. ಅಂಥ ಮಗುವಿನ ತಾಯಿಗೆ, ಬಸುರಿಯಾಗಿದ್ದಾಗ ಏನು ತಿಂದೆ, ಯಾವ ಗ್ರಹಣ ನೋಡಿದೆ, ಯಾವ ಜನ್ಮದ ಪಾಪ ಎಂದೆಲ್ಲ ಕೇಳುವ ಬಂಧುಗಳು ಇಂದಿಗೂ ಇದ್ದಾರೆ. ಆಕೆ ಯಾವ ತಪ್ಪೂ ಮಾಡಿಲ್ಲ. ಅದನ್ನು ಅವಳಿಗೆ ಯಾರಾದರೂ ಗಟ್ಟಿಯಾಗಿ, ಆ ಬಂಧುಗಳೆದುರಿಗೇ ಹೇಳಬೇಕು.