ನೋಟದ ಋಣ

ವಸ್ತುವನ್ನು ಬೆಲೆ ಕೊಟ್ಟು ಕೊಳ್ಳಬಹುದು. ಆದರೆ ಅದನ್ನು ಬೇಕಾದಂತೆ ಬಳಸುವ ಅಧಿಕಾರವು ಬೆಲೆಯೊಡನೆಯೇ ಬರುವದೆಂದು ಹೇಳಲಾಗದು. ಕತ್ತಿಯ ವಿಷಯದಲ್ಲಿ ಈ ಮಾತನ್ನು ಎಲ್ಲರೂ ಒಪ್ಪುವರು. ಕ್ಯಾಮರಾದ ವಿಷಯದಲ್ಲಿ ಮಾತ್ರ ಅದು ಬೇಗನೆ ಮನಸ್ಸಿಗೆ ಹೊಳೆಯುವದಿಲ್ಲ. ಯಾಕಂದರೆ ಕ್ಯಾಮರಾ ಯಾರ ಮೈಯನ್ನೂ ನೋಯಿಸುವದಿಲ್ಲ. ಯಾರ ಗಂಟನ್ನೂ ಕದಿಯುವದಿಲ್ಲ. ಬೆಳಕು ಸರ್ವರಿಗೂ ಸಮಾನವಾದದ್ದು. ಆದರೆ ಆ ಬೆಳಕು ಒಬ್ಬನ ಮುಖದಿಂದ ಹೊರಟು ಇನ್ನೊಬ್ಬನ ಪೆಟ್ಟಿಗೆಯನ್ನು ಸೇರಿದಾಗ, ಅದರೊಡನೆ ಹೋದ ರೂಪವು ಯಾರ ಸೊತ್ತು?

ಗದಗಕ್ಕೆ ಸಮೀಪದ ನಾಗಾವಿಯ ಒಬ್ಬ ತರುಣನು ಓದಿಗಾಗಿ ಜರ್ಮನಿಗೆ ಹೋದನೆಂದು ಎಣಿಸಬಹುದು. ಅಲ್ಲಿಯ ಪಟ್ಟಣಗಳಲ್ಲಿ ಹಳೆಯ ಸಾಮಾನುಗಳ ಸಂತೆ ಕೂಡುವದುಂಟು. ಹೊಸ ಕ್ಯಾಮರಾ ಕೊಳ್ಳುವಷ್ಟು ಹಣವಿಲ್ಲದ ಆತನು ಅಲ್ಲಿ ಫಿಲ್ಮು ಹಾಕುವ ಹಳೆಯದೊಂದನ್ನು ಆರಿಸಿಕೊಳ್ಳುತ್ತಾನೆ. ಬಲ್ಲವರು ಹೇಳಿಕೊಟ್ಟಂತೆ ಮಸೂರವನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಹಿಡಿದಿದೆಯೋ ಎಂದು ನೋಡುತ್ತಾನೆ. ಒಂದು ಸೆಕೆಂಡಿಗೆ ಇಟ್ಟ ಶಟರು ಒಂದೇ ಸೆಕೆಂಡು ತೆರೆದಿರುವದೋ ಎಂದು ಕಿವಿಗೊಡುತ್ತಾನೆ. ಹಿಂದಿನ ಮುಚ್ಚಳದ ಅಂಚಿನಲ್ಲಿ ಬೆಳಕು ನುಸುಳುವದೋ ಎಂದು ತಡಕುತ್ತಾನೆ. ಆ ಯಂತ್ರವು ಮೊದಲಿನ ಒಡೆಯನಿಗಾಗಿ ಎಷ್ಟೋ ಮುಖಗಳನ್ನು ಕಂಡಿದ್ದೀತು. ಆದರೆ ಒಂದನ್ನಾದರೂ ತನ್ನಲ್ಲಿ ಉಳಿಸಿಕೊಂಡಿಲ್ಲ. ಕಂಡದ್ದರ ಹೊಣೆಯು ಯಂತ್ರದ್ದಲ್ಲ, ಹಿಡಿದವನದು.

ಕಲಿಯುವಿಕೆಯು ಮೆಲ್ಲಗೆ ಸಾಗುವದು. ಶಟರಿನ ಒಂದೊಂದು ಮೆಟ್ಟಿಲಿಗೆ ಬೆಳಕು ಇಮ್ಮಡಿಯಾಗುವದು ಇಲ್ಲವೆ ಅರ್ಧವಾಗುವದು. ಒಂದು ಸುರುಳಿಯಲ್ಲಿ 36 ಚಿತ್ರಗಳು ಮಾತ್ರ. ತೊಳೆದು ಬರುವವರೆಗೆ ಏನಾಯಿತೆಂದು ತಿಳಿಯದು. ಆದಕಾರಣ ಆತನು ಎಣಿಸಿ ನೋಡುವದನ್ನು ಕಲಿಯುತ್ತಾನೆ. ಪರದೇಶವು ಇದಕ್ಕೆ ಸಹಾಯಕವೇ. ಊರಿನಲ್ಲಿ ರೂಢಿಯು ಮುಚ್ಚಿದ ಕಣ್ಣನ್ನು ಪರಸ್ಥಳವು ತೆರೆಯುವದು. ಟ್ರಾಮಿನಲ್ಲಿ ತೂಕಡಿಸುವ ಮುದುಕಿ, ಸೇತುವೆಯ ಕೆಳಗೆ ಮಲಗಿದ ನಿರಾಶ್ರಿತ, ಎಲ್ಲವೂ ಆತನಿಗೆ ಚಿತ್ರವೇ. ಆದರೆ ಈ ಧೈರ್ಯದಲ್ಲಿ ಎಷ್ಟು ಪಾಲು ಕಲೆಯದು, ಎಷ್ಟು ಪಾಲು ತನ್ನನ್ನು ಕೇಳುವವರು ಯಾರೂ ಇಲ್ಲವೆಂಬ ನಿಶ್ಚಿಂತೆಯದು ಎಂಬುದು ವಿಚಾರಣೀಯವಾಗಿದೆ.

ಈ ಸಂದೇಹವು ಛಾಯಾಚಿತ್ರದ ಹುಟ್ಟಿನೊಡನೆಯೇ ಹುಟ್ಟಿದ್ದು. 1838ರಲ್ಲಿ ದಾಗೇರನು ಪ್ಯಾರಿಸಿನ ಒಂದು ಬೀದಿಯನ್ನು ಎತ್ತರದ ಕಿಟಕಿಯಿಂದ ಚಿತ್ರಿಸಿದನು. ತಟ್ಟೆಗೆ ಬಹಳ ಹೊತ್ತು ಬೆಳಕು ತಾಗಬೇಕಾಗಿದ್ದುದರಿಂದ ಓಡಾಡುತ್ತಿದ್ದ ಜನ, ಗಾಡಿ, ಕುದುರೆಗಳೆಲ್ಲ ಅಳಿಸಿಹೋದವು. ಬೂಟು ಒರೆಸಿಕೊಳ್ಳಲು ನಿಂತಿದ್ದವನಂತೆ ತೋರುವ ಒಬ್ಬನ ಆಕೃತಿಯು ಮಾತ್ರ ಸ್ಪಷ್ಟವಾಗಿ ಉಳಿಯಿತು. ಛಾಯಾಚಿತ್ರದಲ್ಲಿ ಮೂಡಿದ ಮೊದಲಿಗರಲ್ಲಿ ಒಬ್ಬನೆಂದು ಲೋಕವು ಎಣಿಸುವ ಆ ಮನುಷ್ಯನ ಹೆಸರು ಯಾರಿಗೂ ತಿಳಿಯದು.

ಆ ತರುಣನು ಕಲಿಯುತ್ತಿರುವ ದೇಶವೇ ಇದಕ್ಕೆ ಒಂದು ಉತ್ತರವನ್ನು ಕೊಟ್ಟಿದೆ. 1898ರಲ್ಲಿ ಬಿಸ್ಮಾರ್ಕನು ತೀರಿಕೊಂಡಾಗ ಇಬ್ಬರು ಛಾಯಾಗ್ರಾಹಕರು ರಾತ್ರಿಯಲ್ಲಿ ಕಿಟಕಿಯಿಂದ ಕೋಣೆಯನ್ನು ಹೊಕ್ಕು ಶವದ ಚಿತ್ರವನ್ನು ತೆಗೆದರು. ಮಕ್ಕಳು ನ್ಯಾಯಾಲಯಕ್ಕೆ ಹೋದರು. ನ್ಯಾಯವು ಅವರ ಕಡೆಗೇ ಆಯಿತು. ಆದರೆ ಅದಕ್ಕೆ ದೊರೆತ ಆಧಾರವು ಅನ್ಯರ ಮನೆಯನ್ನು ಅತಿಕ್ರಮಿಸಿದ್ದೇ ಹೊರತು ಮುಖದ ಮೇಲಣ ಹಕ್ಕಲ್ಲ. ಬಾಗಿಲಿಗೆ ಕಾಯಿದೆಯ ರಕ್ಷಣೆ ಇತ್ತು, ಮುಖಕ್ಕೆ ಇರಲಿಲ್ಲ. 1907ರ ಕಾಯಿದೆಯು ಈ ಕೊರತೆಯನ್ನು ತುಂಬಿತು. ಚಿತ್ರದಲ್ಲಿರುವವನ ಒಪ್ಪಿಗೆಯಿಲ್ಲದೆ ಅದನ್ನು ಹರಡಕೂಡದು, ಬಹಿರಂಗವಾಗಿ ಪ್ರದರ್ಶಿಸಕೂಡದು ಎಂದು ಅದು ವಿಧಿಸಿತು. ಸಮಕಾಲೀನ ಇತಿಹಾಸಕ್ಕೆ ಸೇರಿದ ಚಿತ್ರಗಳಿಗೂ ಸಭೆ ಮೆರವಣಿಗೆಗಳಿಗೂ ವಿನಾಯಿತಿ ಉಂಟು.

ಈ ವಿನಾಯಿತಿಯು ಅವಶ್ಯವಾದದ್ದೇ. ಅನ್ಯಾಯ ಮಾಡುವವನ ಒಪ್ಪಿಗೆಗಾಗಿ ಕಾದರೆ ಅನ್ಯಾಯಕ್ಕೆ ಸಾಕ್ಷಿಯೇ ಉಳಿಯದು. ಅದರಂತೆಯೇ ಕಲ್ಲಿಗೂ ಕಟ್ಟಡಕ್ಕೂ ಒಪ್ಪಿಗೆಯ ಪ್ರಶ್ನೆಯಿಲ್ಲ. 1855ರಲ್ಲಿ ಮುಂಬಯಿ ತೋಪುಖಾನೆಯ ಕ್ಯಾಪ್ಟನ್ ಬಿಗ್ಸ್ ಎಂಬವನನ್ನು ಸರಕಾರವು ಪ್ರಾಚೀನ ಕಟ್ಟಡಗಳ ಛಾಯಾಚಿತ್ರಕ್ಕಾಗಿ ನೇಮಿಸಿತು. ಬಳಿಕ ಡಾಕ್ಟರ್ ಪಿಗೂ ಆ ಕೆಲಸವನ್ನು ಮುಂದುವರಿಸಿದನು. ಅವರ ಚಿತ್ರಗಳು ಮೆಡೋಸ್ ಟೇಲರನ ಇತಿಹಾಸಲೇಖನದೊಡನೆ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಲಕ್ಕುಂಡಿಯ ಗುಡಿಯು ಅಂದು ಹೇಗಿತ್ತೆಂದು ಇಂದಿನವರು ಕಾಣುವದು ಆ ಪರದೇಶಿಗಳ ಉಪಕಾರದಿಂದಲೇ. ಆದರೆ ಗುಡಿಗೆ ನಾಚಿಕೆಯಿಲ್ಲ, ಮನುಷ್ಯನಿಗೆ ಉಂಟು. ಗುಡಿಯನ್ನು ನೋಡಿದಂತೆ ಮನುಷ್ಯನನ್ನು ನೋಡುವದೇ ಕಲಿಯುವವನಿಗೆ ಒದಗುವ ಮೊದಲನೆಯ ಆಪತ್ತು.

ಅದು ಆತನಿಗೆ ತಿಳಿಯುವದು ಊರಿಗೆ ಮರಳಿದ ಮೇಲೆ. ನಾಗಾವಿಯ ಹೊಲದಲ್ಲಿ ಶೇಂಗಾ ಬಿಡಿಸುತ್ತ ಕುಳಿತ, ವರಸೆಯಲ್ಲಿ ದೊಡ್ಡವ್ವನಾಗಬೇಕಾದ ಮುದುಕಿಯೊಬ್ಬಳ ಮುಖದ ಮೇಲೆ ಸಂಜೆಯ ಬಿಸಿಲು ಬಿದ್ದಿರುತ್ತದೆ. ಆತನು ಕ್ಯಾಮರಾ ಎತ್ತಿದೊಡನೆ ಅವಳು, “ತಡಿಯೋ ತಮ್ಮಾ, ಸೆರಗ ಹೊತ್ಕೊಂತೀನಿ” ಎಂದು ಕೈ ಒರೆಸಿಕೊಂಡು ನೆಟ್ಟಗೆ ಕುಳಿತುಕೊಳ್ಳುತ್ತಾಳೆ. ಬಿಸಿಲು ಸರಿಯುವದು, ಬಯಸಿದ ಚಿತ್ರವು ಹೋಗಿಬಿಡುವದು. ಕೇಳಿದರೆ ಸಹಜತೆ ಕೆಡುವದೆಂದು ಕಲಾವಿದರು ಹೇಳುವದು ಇಂಥ ಗಳಿಗೆಯನ್ನು ಕುರಿತೇ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೂ ಮೊದಲಿನ ಮುಖವು ಆತನು ಕಂಡದ್ದು. ಎರಡನೆಯದು ಅವಳು ಕೊಟ್ಟದ್ದು. ಲೋಕವು ತನ್ನನ್ನು ಹೇಗೆ ನೆನೆಯಬೇಕೆಂಬ ಇಚ್ಛೆಯೂ ಮನುಷ್ಯನ ಸಹಜ ಸ್ವಭಾವವೇ ಆಗಿರುವಾಗ, ಆ ಇಚ್ಛೆಯನ್ನು ತೋರಿಸುವ ಮುಖವನ್ನು ಕೃತಕವೆನ್ನುವದು ಹೇಗೆ?

ಹಾಗೆಂದು ಒಪ್ಪಿಗೆಯೊಂದರಿಂದಲೇ ಎಲ್ಲ ತೀರಿತೆನ್ನುವಂತಿಲ್ಲ. ಓದಿ ಬಂದ ಹುಡುಗನಿಗೆ ಬೇಡವೆನ್ನಲು ಹಿಂಜರಿದು ಹೂಂ ಎನ್ನುವವರು ಬಹಳ. ಅಂಥ ಹೂಂಕಾರದಿಂದ ಋಣವು ಹುಟ್ಟುವದೇ ಹೊರತು ತೀರುವದಿಲ್ಲ. ಅದನ್ನು ತೀರಿಸುವ ದಾರಿ ಸಣ್ಣದು: ಚಿತ್ರದ ಒಂದು ಪ್ರತಿಯನ್ನು ಮಾಡಿಸಿ ಅವಳ ಕೈಗೆ ಒಯ್ದು ಕೊಡುವದು, ಇದು ಬೇಡವೆಂದು ಅವಳು ಅಂದರೆ, ಅದು ಎಷ್ಟೇ ಚೆನ್ನಾಗಿದ್ದರೂ ಇನ್ನೊಬ್ಬರಿಗೆ ತೋರಿಸದಿರುವದು. ಇಂದು ಕ್ಯಾಮರಾ ಪ್ರತಿಯೊಬ್ಬರ ಕಿಸೆಯಲ್ಲಿದೆ. ತೆಗೆದ ಚಿತ್ರವು ಗಳಿಗೆಯಲ್ಲಿ ದೇಶಾಂತರಕ್ಕೆ ಹೋಗುವದು. ಎಷ್ಟೋ ಮನೆಗಳಲ್ಲಿ ಹಿರಿಯರ ಒಂದೇ ಒಂದು ಚಿತ್ರವಿದ್ದು, ಕಡೆಗೆ ಗೋಡೆಯ ಮೇಲೆ ಮಾಲೆ ಹಾಕಿಸಿಕೊಳ್ಳುವದೂ ಅದೇ. ದೊಡ್ಡವ್ವನ ಮನೆಯ ಗೋಡೆಗೆ ಏರುವದು ಸೆರಗು ಹೊತ್ತು ಕುಳಿತ ಚಿತ್ರವೇ ಆಗಬೇಕಲ್ಲದೆ, ಅವಳು ಅರಿಯದೆ ಇದ್ದಾಗ ಆತನು ಅಪಹರಿಸಿದ ಬಿಸಿಲಲ್ಲ.