ಆ ಕೆಂಪು ಯಾರದು?

ಫ್ರಾನ್ಸಿನ ದಕ್ಷಿಣದಲ್ಲಿ, ಆರ್ಲ್ ಪಟ್ಟಣದ ಬಳಿ ರೋನ್ ನದಿ ಎರಡಾಗಿ ಕವಲೊಡೆಯುತ್ತದೆ. ಆ ಎರಡು ಕವಲುಗಳ ನಡುವೆ ಸಮುದ್ರದವರೆಗೂ ಹರಡಿಕೊಂಡ ಜೌಗುನಾಡು ಕಮಾರ್ಗ್. ಹೊಳೆ ಹೊತ್ತು ತಂದ ಮೆಕ್ಕಲು ಸಾವಿರಾರು ವರ್ಷ ಕೂತು ಕೂತು ಆದ ನೆಲ. ಗುಡ್ಡವಿಲ್ಲ, ದಿಣ್ಣೆಯಿಲ್ಲ. ಜೊಂಡು, ಉಪ್ಪು ಬಿಳಿಚಿದ ಬಯಲು, ಬಿಳಿ ಕುದುರೆ, ಕರಿ ಗೂಳಿ. ಉತ್ತರದಿಂದ ಮಿಸ್ತ್ರಾಲ್ ಗಾಳಿ ಎದ್ದಿತೆಂದರೆ ನೆಟ್ಟಗೆ ನಿಲ್ಲುವುದೇ ಕಷ್ಟ.

ಪೋಂ ದ ಗೋ ಪಕ್ಷಿಧಾಮದಲ್ಲಿ ಫ್ಲೆಮಿಂಗೊಗಳನ್ನು ನೋಡಲು ದುರ್ಬೀನು ಬೇಕಿಲ್ಲ, ಅಷ್ಟು ಹತ್ತಿರ. ನನ್ನೆದುರಿನ ಹಕ್ಕಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಸರನ್ನು ತುಳಿಯುತ್ತಿತ್ತು. ತಲೆಯನ್ನು ನಡುವಿಗಿಟ್ಟು, ಸುತ್ತಲೂ ಪುಟ್ಟ ಹೆಜ್ಜೆ ಹಾಕುತ್ತ, ತುಳಿದು ತುಳಿದು ತಳದ ಮಣ್ಣನ್ನು ಕದಡುತ್ತಿತ್ತು. ಕೊಕ್ಕು ನೀರಿನಲ್ಲಿ ತಲೆಕೆಳಗು. ಒಳಗೆ ದಪ್ಪ ನಾಲಗೆ ಹಿಂದೆ ಮುಂದೆ ಆಡಿ ನೀರನ್ನು ಎಳೆದು ಹೊರದಬ್ಬುತ್ತದೆ. ಕೊಕ್ಕಿನ ಅಂಚಿನ ಸಣ್ಣ ಎಳೆಗಳಲ್ಲಿ ತಿನ್ನುವುದು ಮಾತ್ರ ಉಳಿಯುತ್ತದೆ. ಒಮ್ಮೆ ಅದು ರೆಕ್ಕೆ ಬಿಚ್ಚಿತು. ಅಷ್ಟು ಹೊತ್ತು ಪೇಲವವಾಗಿ ಕಂಡ ಮೈಯೊಳಗಿನಿಂದ ಕೆಂಡದ ಕೆಂಪು ಹೊರಬಿತ್ತು. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಏನೋ ಕೂಗಿದಳು. ಭಾಷೆ ತಿಳಿಯದಿದ್ದರೂ ಅವಳು ಕೂಗಿದ್ದೇಕೆಂದು ತಿಳಿಯಿತು.

ಆ ಕೆಂಪು, ಹಕ್ಕಿ ಹುಟ್ಟುವಾಗ ತಂದದ್ದಲ್ಲ. ಉಪ್ಪು ಹೆಚ್ಚಿದ ನೀರಿನಲ್ಲಿ, ಉರಿಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು, ಡುನಾಲಿಯೆಲ್ಲಾ ಎಂಬ ಕಣ್ಣಿಗೆ ಕಾಣದ ಪಾಚಿ ಕೆರೋಟಿನ್ ಎಂಬ ಬಣ್ಣದ್ರವ್ಯವನ್ನು ಕೂಡಿಹಾಕುತ್ತದೆ. ಪಾಚಿಯನ್ನು ಆರ್ಟೀಮಿಯಾ ಎಂಬ ಸೆಂಟಿಮೀಟರಿನಷ್ಟೇ ಉದ್ದದ ಸಿಗಡಿ ತಿನ್ನುತ್ತದೆ, ಅದನ್ನು ಫ್ಲೆಮಿಂಗೊ ತಿನ್ನುತ್ತದೆ. ಬಿಸಿಲಿಗೆ ಹೆದರಿದ ಪಾಚಿಯ ರಕ್ಷಣೆ ಹೀಗೆ ಗರಿಯೇರಿ ಆಕಾಶಕ್ಕೆ ಹೋಗುತ್ತದೆ. ಅಲ್ಲಿಗೂ ನಿಲ್ಲುವುದಿಲ್ಲ. ಬೂದು ಬಣ್ಣದ ಮರಿಗೆ ತಂದೆ ತಾಯಿ ಇಬ್ಬರೂ ತಮ್ಮ ಗಂಟಲಿನಲ್ಲಿ ಒಸರುವ ಕೆಂಪು ಹಾಲನ್ನು ಕುಡಿಸುತ್ತಾರೆ. ಕುಡಿಸುತ್ತ ಕುಡಿಸುತ್ತ ತಾವು ಬಿಳಿಚಿಕೊಳ್ಳುತ್ತಾರೆ. ಇದನ್ನು ಓದಿ ತಿಳಿದೇ ಹೋಗಿದ್ದೆ. ಆದರೂ ಆ ರೆಕ್ಕೆ ಬಿಚ್ಚಿದಾಗ ಓದಿದ್ದೆಲ್ಲ ಮೊದಲ ಸಲ ಕೇಳಿದಂತೆ ಮೈ ಜುಮ್ಮೆಂದಿತು.

ಈ ಬಣ್ಣದಲ್ಲಿ ಮನುಷ್ಯನಿಗೂ ಒಂದು ಪಾಲಿದೆ. ಕಮಾರ್ಗ್ ಯಾರೂ ಮುಟ್ಟದ ಕಾಡಲ್ಲ. 19ನೆಯ ಶತಮಾನದಲ್ಲೇ ನದಿಗೂ ಸಮುದ್ರಕ್ಕೂ ಒಡ್ಡು ಕಟ್ಟಿದರು. ಈಗ ಭತ್ತದ ಗದ್ದೆಗೆ ಸಿಹಿನೀರು, ಉಪ್ಪಿನ ಮಡಿಗಳಿಗೆ ಕಡಲ ನೀರು, ಎರಡನ್ನೂ ಪಂಪುಗಳೇ ಹಾಯಿಸುತ್ತವೆ. ಸಿಗಡಿ ಹೇರಳವಾಗಿ ಬೆಳೆಯುವುದು ಆ ಉಪ್ಪಿನ ಮಡಿಗಳಲ್ಲೇ. 1960ರ ದಶಕದಲ್ಲಿ ಹಕ್ಕಿಗಳು ಇಲ್ಲಿ ಮರಿ ಮಾಡುವುದನ್ನು ಬಿಟ್ಟಿದ್ದವು. 1970ರಲ್ಲಿ ಫಾಂಗಾಸಿಯೆ ಎಂಬ ಉಪ್ಪುನೀರ ಹರವಿನ ನಡುವೆ ಅವುಗಳಿಗಾಗಿ ಒಂದು ದ್ವೀಪವನ್ನೇ ಮಾಡಿಕೊಟ್ಟರು. ಹಕ್ಕಿಗಳು ತಿರುಗಿ ನೋಡಲಿಲ್ಲ. ಆಮೇಲೆ ಜನ ಕೆಸರು ತಟ್ಟಿ ಫ್ಲೆಮಿಂಗೊ ಗೂಡುಗಳಂತೆಯೇ ಗುಪ್ಪೆ ಗುಪ್ಪೆಯಾಗಿ ಮಾಡಿಟ್ಟರು. 1974ರಲ್ಲಿ ಅವು ಇಳಿದು ಬಂದವು. ಪರಭಾಷೆಯ ಅಕ್ಷರವನ್ನು ಬೆರಳಿನಿಂದ ತಿದ್ದಿದ ಹಾಗೆ, ಹಕ್ಕಿಯ ಗೂಡನ್ನು ಕೈಯಿಂದ ತಿದ್ದಿದವರು ಅವರು. ಅವರನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

1954ರಲ್ಲಿ ಲುಕ್ ಹಾಫ್‌ಮನ್ ಸ್ಥಾಪಿಸಿದ ತೂರ್ ದು ವಾಲಾ ಸಂಶೋಧನಾ ಕೇಂದ್ರದವರು 1977ರಿಂದ ಇಲ್ಲಿನ ಮರಿಗಳ ಕಾಲಿಗೆ ಅಕ್ಷರ ಬರೆದ ಬಳೆ ತೊಡಿಸುತ್ತಿದ್ದಾರೆ. ಆ ಬಳೆಗಳನ್ನು ಸ್ಪೇನಿನಲ್ಲಿ, ಇಟಲಿಯಲ್ಲಿ, ಟ್ಯುನೀಸಿಯಾದಲ್ಲಿ, ಟರ್ಕಿಯಲ್ಲಿ ಓದಿದವರಿದ್ದಾರೆ. ಅಂದರೆ ಒಂದೊಂದು ರೆಕ್ಕೆಯಲ್ಲೂ ಹಲವು ದೇಶಗಳ ಕೆಸರು, ಹಲವು ನೀರು.

ನಮ್ಮ ಆಲಮಟ್ಟಿಯ ಹಿನ್ನೀರಿಗೆ ಬರುವ ಫ್ಲೆಮಿಂಗೊಗಳೂ ಇದೇ ಜಾತಿಯವು. ಮುಂದಿನ ಸಲ ಅಲ್ಲಿ ದಂಡೆಯಲ್ಲಿ ನಿಂತು ಅವುಗಳ ಕಾಲನ್ನು ನೋಡಬೇಕು: ಕೃಷ್ಣೆಯ ಮಣ್ಣನ್ನೂ ಹೀಗೇ ಸುತ್ತು ಹಾಕಿ ತುಳಿಯುತ್ತವೆಯೆ? ರೆಕ್ಕೆ ಬಿಚ್ಚಿದರೆ, ಆ ಕೆಂಪಿನಲ್ಲಿ ಫ್ಲೆಮಿಂಗೊಗಳು ಮರಿ ಮಾಡುವ ಕಛ್‌ನ ರಣದ ಪಾಲೆಷ್ಟು, ನಮ್ಮ ಹೊಳೆಯ ಪಾಲೆಷ್ಟು?